ಕಪ್ಪತಗುಡ್ಡದ ಮಗ್ಗುಲಲ್ಲಿ ಕಾರಿನ ನೆಟ್ ಕಡಿದಾಗ

ಮುಂಡರಗಿಗೂ ಶಿರಹಟ್ಟಿಗೂ ನಡುವೆ ಕಪ್ಪತಗುಡ್ಡ ಮಲಗಿದೆ. ಗದಗ ಸಮೀಪದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ತನಕ ಹಬ್ಬಿದ ಈ ಸಾಲಿನ ಮೂಡಲಿಗೆ ಡಂಬಳ, ಮುಂಡರಗಿ. ಪಡುವಲಿಗೆ ಶಿರಹಟ್ಟಿ, ಅದರಾಚೆ ಲಕ್ಷ್ಮೇಶ್ವರ. ಔಷಧಿ ಸಸ್ಯಗಳು, ಕಪ್ಪತ ಮಲ್ಲಯ್ಯನ ಗುಡಿ, ಸಾಲುಸಾಲು ಗಾಳಿಯಂತ್ರಗಳು, 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಸುಮಾರು 244 ಚದರ ಕಿ.ಮೀ. ಕಾಡು. ಗುಡ್ಡ ಹೆಸರಾದದ್ದು ಇವುಗಳಿಂದ. ಅದರ ಮಗ್ಗುಲಲ್ಲಿ ಕಾರು ಓಡಿಸುವವರು ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು: ಮಳೆ ಮೋಡವನ್ನು ತಡೆಯುವ ಗುಡ್ಡ ಮೊಬೈಲ್ ಟವರಿನ ಅಲೆಯನ್ನೂ ತಡೆಯುತ್ತದೆ.

ಅಲೆ ತಡೆದಾಗ ಕಾರಿನೊಳಗೆ ಆಗುವುದು ಇಷ್ಟು. ಹಾಡು ನಿಲ್ಲುತ್ತದೆ. ನಕಾಶೆ ಮುಂದೆ ಸರಿಯದೆ ಬೂದುಬಣ್ಣದ ಚೌಕವಾಗುತ್ತದೆ. ಹಿಂದಿನ ಸೀಟಿನಿಂದ ‘ರೇಂಜ್ ಹೋತು ನೋಡ್ರಿ’ ಎಂಬ ಮಾತು ಬರುತ್ತದೆ. ಆಗ ಬಹಳ ಮಂದಿ ಒಂದು ಕೈ ಸ್ಟೇರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ವೈರ್ ಕಿತ್ತು ಚುಚ್ಚುತ್ತಾರೆ, ಬ್ಲೂಟೂತ್ ಆರಿಸಿ ಹಚ್ಚುತ್ತಾರೆ, ಕೊನೆಗೆ ಸೆಟ್ಟನ್ನೇ ರೀಸೆಟ್ ಮಾಡುತ್ತಾರೆ. ಇದೆಲ್ಲ ನಡೆಯುವುದು ಕಾರು ಓಡುತ್ತಿರುವಾಗ! 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 184ನೇ ಕಲಮು, ಚಾಲನೆಯಲ್ಲಿರುವಾಗ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯೆಂದೇ ಎಣಿಸುತ್ತದೆ. ಕಾನೂನು ಹಾಗಿರಲಿ, ನೆಟ್ ಬರದಿದ್ದರೆ ಹೋಗುವುದು ಒಂದು ಹಾಡು, ಅಷ್ಟೇ. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿಯೇ ಮುಂದಿನ ಕೆಲಸ.

ನಿಂತ ಮೇಲೆ ಗುಂಡಿ ಒತ್ತುವ ಮೊದಲು ಒಂದು ಪ್ರಶ್ನೆ: ಈ ಕಾರಿಗೆ ನೆಟ್ ಬರುತ್ತಿರುವುದು ಯಾವ ಸಿಮ್ಮಿನಿಂದ? ಇದಕ್ಕೆ ಉತ್ತರ ಗೊತ್ತಿಲ್ಲದೆ ಮಾಡುವ ರಿಪೇರಿಯೆಲ್ಲ ಕತ್ತಲಲ್ಲಿ ತಡಕಾಡಿದಂತೆಯೇ ಆಗುತ್ತದೆ.

ಭಾರತದಲ್ಲಿ ಸಿಮ್ ಹೊತ್ತ ಕಾರುಗಳು ಸಾಮಾನ್ಯ ಗಿರಾಕಿಯ ಕೈಗೆ ಬಂದದ್ದು 2019ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಹ್ಯುಂಡೈ ‘ವೆನ್ಯೂ’ ಬ್ಲೂಲಿಂಕ್ ಎಂಬ ಸೇವೆಯೊಂದಿಗೆ ಬಂತು. ಒಳಗಿದ್ದದ್ದು ವೊಡಾಫೋನ್ ಐಡಿಯಾದ ಇ-ಸಿಮ್. ಜೂನ್‌ನಲ್ಲಿ ಎಂಜಿ ‘ಹೆಕ್ಟರ್’ ತನ್ನನ್ನು ಇಂಟರ್‌ನೆಟ್ ಕಾರ್ ಎಂದೇ ಕರೆದುಕೊಂಡು ಏರ್‌ಟೆಲ್‌ನ ಇ-ಸಿಮ್ ಹೊತ್ತು ಬಂತು. ಆಗಸ್ಟ್‌ನಲ್ಲಿ ಕಿಯಾ ಸೆಲ್ಟೋಸ್. ಈ ಇ-ಸಿಮ್ ಎಂಬುದು ಕಾರಿನೊಳಗಿನ ಟೆಲಿಮ್ಯಾಟಿಕ್ಸ್ ಪೆಟ್ಟಿಗೆಯಲ್ಲಿ ಬೆಸೆದುಬಿಟ್ಟ ಚಿಪ್ಪು. ಫೋನಿನ ಸಿಮ್ಮಿನಂತೆ ತೆಗೆದು ಬೇರೆ ಕಂಪನಿಯದನ್ನು ಹಾಕಲು ಬರುವುದಿಲ್ಲ. ಮುಂಡರಗಿಯ ಹಳ್ಳಿಯೊಂದರಲ್ಲಿ ಒಂದು ಕಂಪನಿಯ ಟವರ್ ಚೆನ್ನಾಗಿ ಸಿಗುತ್ತಿರಬಹುದು, ಕಾರಿನೊಳಗೆ ಇನ್ನೊಂದು ಕಂಪನಿಯ ಚಿಪ್ಪು ಇರಬಹುದು. ಮಾಲೀಕನ ಕೈಯಲ್ಲಿನ ಫೋನು ಓಡುತ್ತದೆ, ಕಾರು ಮೂಕಾಗುತ್ತದೆ. ಅದು ಕೆಟ್ಟಿರುವುದಿಲ್ಲ, ಅದಕ್ಕೆ ತನ್ನ ಟವರ್ ಸಿಕ್ಕಿರುವುದಿಲ್ಲ.

ಸ್ವಂತ ಸಿಮ್ಮಿನ ಕಾರು ಮೊದಲ ಬಗೆ. ಎರಡನೆಯ ಬಗೆಯೇ ನಮ್ಮ ಕಡೆ ಹೆಚ್ಚು. ಆ್ಯಂಡ್ರಾಯ್ಡ್ ಆಟೊ, ಆ್ಯಪಲ್ ಕಾರ್‌ಪ್ಲೇ ಇರುವ ಕಾರಿನ ಪರದೆಗೆ ಸ್ವಂತ ನೆಟ್ ಬೇಕಿಲ್ಲ. ಕೆಲಸವೆಲ್ಲ ಫೋನಿನದು, ಡೇಟಾ ಕೂಡ ಫೋನಿನದೇ. ಮೂರನೆಯದು ಅಂಗಡಿಯಲ್ಲಿ ಕೂರಿಸಿದ ಆ್ಯಂಡ್ರಾಯ್ಡ್ ಸ್ಟಿರಿಯೊ. ಅದು ಫೋನಿನ ಹಾಟ್‌ಸ್ಪಾಟ್ ಹಿಡಿದು ನಡೆಯುತ್ತದೆ, ಕೆಲವಕ್ಕೆ ಸಿಮ್ ಹಾಕುವ ಗೂಡೂ ಇರುತ್ತದೆ.

ಈಗ ಫೋನಿನ ನೆಟ್ ಬಳಸುವ ಈ ಎರಡು ಬಗೆಗಳಿಗೆ ಒಂದು ಪರೀಕ್ಷೆ. ಫೋನನ್ನು ಕಾರಿನಿಂದ ಬಿಡಿಸಿ, ಬರೀ ಫೋನಿನಲ್ಲಿ ಯಾವುದಾದರೂ ಹೊಸ ಪುಟ ತೆರೆದು ನೋಡುವುದು. ಫೋನಿನಲ್ಲಿ ಪುಟ ತೆರೆದರೆ ಟವರ್ ಸರಿ ಇದೆ, ದೋಷ ಫೋನು ಮತ್ತು ಕಾರಿನ ನಡುವೆ. ಫೋನಿನಲ್ಲೂ ತೆರೆಯದಿದ್ದರೆ ಕಾರನ್ನು ಮುಟ್ಟುವ ಅಗತ್ಯವೇ ಇಲ್ಲ. ಅರ್ಧ ನಿಮಿಷದ ಈ ಪರೀಕ್ಷೆ ಶೋರೂಮಿನ ಎಷ್ಟೋ ಅಲೆದಾಟಗಳನ್ನು ಉಳಿಸಬಲ್ಲದು.

ಕಾರು ಮತ್ತು ಫೋನಿನ ನಡುವಿನ ದೋಷಗಳು ಸಣ್ಣವು. ಅಗ್ಗದ ವೈರುಗಳಲ್ಲಿ ಕೆಲವು ಚಾರ್ಜ್ ಮಾಡುತ್ತವೆ, ಡೇಟಾ ಸಾಗಿಸುವುದಿಲ್ಲ. ಎರೆಮಣ್ಣಿನ ಧೂಳು ಫೋನಿನ ತೂತಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ವೈರ್ ಇಲ್ಲದ ಆ್ಯಂಡ್ರಾಯ್ಡ್ ಆಟೊ, ಫೋನು ಮತ್ತು ಕಾರಿನ ನಡುವೆ ವೈಫೈ ಮೇಲೆ ನಡೆಯುತ್ತದೆ. ಅದೇ ಹೊತ್ತಿಗೆ ಹಾಟ್‌ಸ್ಪಾಟ್ ಕೂಡ ಹಚ್ಚಿದರೆ ಕೆಲವು ಫೋನುಗಳಲ್ಲಿ ಎರಡೂ ತಿಕ್ಕಾಡುತ್ತವೆ. ಹಳೆಯ ಸ್ಟಿರಿಯೊಗಳಿಗೆ 2.4 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಮಾತ್ರ ಕಾಣುತ್ತದೆ, ಫೋನು 5 ಗಿಗಾಹರ್ಟ್ಸ್‌ನಲ್ಲಿ ಹರಡುತ್ತಿದ್ದರೆ ಅವು ಹುಡುಕುತ್ತಲೇ ಕೂರುತ್ತವೆ. ಇನ್ನೊಂದು ದೋಷ ಯಾರ ಕಣ್ಣಿಗೂ ಬೀಳದಂಥದ್ದು. ಬ್ಯಾಟರಿ ಬದಲಿಸಿದ ಮೇಲೆ ಸ್ಟಿರಿಯೊದ ತಾರೀಖು ಹತ್ತಾರು ವರ್ಷ ಹಿಂದಕ್ಕೆ ಹೋಗಿರುತ್ತದೆ. ವೈಫೈ ಕೂಡಿದೆ ಎಂದು ತೋರಿಸುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರದ ಅವಧಿಯನ್ನು ಸಾಧನವು ತನ್ನ ತಾರೀಖಿನ ಜತೆ ತಾಳೆ ನೋಡುತ್ತದೆ. ತಾರೀಖು ತಪ್ಪಿದ್ದರೆ ಬಾಗಿಲು ತೆರೆಯುವುದಿಲ್ಲ. ತಾರೀಖು ಸರಿಪಡಿಸಿದರೆ ಮುಗಿಯಿತು, ಮೆಕ್ಯಾನಿಕ್ ಬೇಡ.

ಫೋನಿನದೇ ದೋಷವಾಗಿದ್ದರೆ ಮೊದಲು ಪ್ಯಾಕ್ ನೋಡಬೇಕು. ದಿನಕ್ಕೆ ಒಂದೂವರೆ, ಎರಡು ಜಿಬಿ ಕೊಡುವ ಪ್ರೀಪೇಡ್ ಪ್ಯಾಕುಗಳಲ್ಲಿ ಆ ದಿನದ ಪಾಲು ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ನಕಾಶೆ ತೆವಳುತ್ತದೆ, ಹಾಡು ಬರುವುದೇ ಇಲ್ಲ. ಮುಂಜಾನೆಯಿಂದ ಮಕ್ಕಳು ಹಿಂದಿನ ಸೀಟಿನಲ್ಲಿ ವಿಡಿಯೊ ನೋಡುತ್ತ ಬಂದಿದ್ದರೆ ಮಧ್ಯಾಹ್ನದ ಹೊತ್ತಿಗೆ ಹೋದದ್ದು ಟವರ್ ಅಲ್ಲ, ಪ್ಯಾಕ್. ಬಿಸಿಲೂ ಕಾರಣವಾದೀತು. ಐಫೋನನ್ನು 35 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಬಳಸಬಾರದೆಂದು ಅದನ್ನು ಮಾಡಿದವರೇ ಹೇಳುತ್ತಾರೆ. ಏಪ್ರಿಲ್ ತಿಂಗಳ ಗದಗ ಸೀಮೆಯಲ್ಲಿ ಗಾಜಿನ ಹಿಂದೆ, ಡ್ಯಾಶ್‌ಬೋರ್ಡಿನ ಮೇಲೆ ಸಿಕ್ಕಿಸಿದ ಫೋನಿನ ಗತಿ ಏನಾಗಬೇಕು? ಕಾದ ಫೋನು ತನ್ನನ್ನು ಉಳಿಸಿಕೊಳ್ಳಲು ಮೊದಲು ಚಾರ್ಜ್ ನಿಲ್ಲಿಸುತ್ತದೆ, ರೇಡಿಯೊದ ಬಲವನ್ನು ತಗ್ಗಿಸುತ್ತದೆ. ಎಸಿಯ ಗಾಳಿ ಬರುವ ಕಿಂಡಿಯ ಮುಂದೆ ಕೆಲ ನಿಮಿಷ ಹಿಡಿದರೆ ಅದು ಮತ್ತೆ ಸರಿಹೋಗುತ್ತದೆ.

ಗೀಟು ಕಾಣುತ್ತದೆ, ನೆಟ್ ಬರುವುದಿಲ್ಲ

‘ಎರಡು ಗೀಟು ತೋರಸ್ತದ, ಆದ್ರೂ ನೆಟ್ ಬರವಲ್ದು’ ಎಂಬ ದೂರು ಗುಡ್ಡದ ಕೆಳಗಿನ ಹಳ್ಳಿಗಳಲ್ಲಿ ಕೇಳಿಬರುವಂಥದ್ದು. ಇದಕ್ಕೆ ಕಾರಣ ಸರಳವಾಗಿದೆ. ಮೊಬೈಲ್ ಟವರ್ ಹತ್ತಾರು ವಾಟ್ ಬಲದಲ್ಲಿ ಅಲೆ ಬಿಡುತ್ತದೆ. 4ಜಿ ಫೋನಿನ ಗರಿಷ್ಠ ಬಲ ಸುಮಾರು 0.2 ವಾಟ್. ಗುಡಿಯ ಮೈಕಿನ ದನಿ ಹೊಲದವರೆಗೆ ಕೇಳುತ್ತದೆ, ಹೊಲದಲ್ಲಿ ನಿಂತವನ ಕೂಗು ಗುಡಿಗೆ ಮುಟ್ಟುವುದಿಲ್ಲ. ಗೀಟುಗಳು ಅಳೆಯುವುದು ಟವರಿನಿಂದ ಬರುವ ಅಲೆಯನ್ನು ಮಾತ್ರ. ಫೋನಿನ ಕೋರಿಕೆ ಟವರಿಗೆ ಮುಟ್ಟಿತೋ ಇಲ್ಲವೋ ಅವು ಹೇಳುವುದಿಲ್ಲ.

ಇದರ ಮೇಲೆ ಕಾರಿನ ತಗಡಿನ ಮೈ. ಕಾರಿನೊಳಗೆ ಅಲೆ ಬರುವುದು ಹೆಚ್ಚಾಗಿ ಗಾಜಿನ ದಾರಿಯಲ್ಲಿ. ಆ ಗಾಜಿಗೆ ಲೋಹದ ಅಂಶವಿರುವ ಸನ್ ಫಿಲ್ಮ್ ಅಂಟಿಸಿದರೆ ಆ ದಾರಿಯೂ ಕಿರಿದಾಗುತ್ತದೆ. ಸುಪ್ರೀಂ ಕೋರ್ಟು 2012ರಲ್ಲಿ ಕಪ್ಪು ಫಿಲ್ಮಿನ ವಿರುದ್ಧ ತೀರ್ಪು ಕೊಟ್ಟದ್ದು ಅಪರಾಧ ತಡೆಯ ಕಾರಣಕ್ಕೆ. ಸಿಗ್ನಲ್ ವಿಷಯದಲ್ಲೂ ಅದು ಒಳ್ಳೆಯದೇ ಆಯಿತು. ಇ-ಸಿಮ್ ಕಾರುಗಳಿಗೆ ಈ ತೊಂದರೆ ಕಡಿಮೆ, ಅವುಗಳ ಆ್ಯಂಟೆನಾ ಸಾಮಾನ್ಯವಾಗಿ ತಗಡಿನ ಹೊರಗೆ, ಛಾವಣಿಯ ಮೇಲಿನ ಮೀನಿನ ರೆಕ್ಕೆಯಂಥ ಗೂಡಿನಲ್ಲಿರುತ್ತದೆ.

ಅಲೆಗಳೆಲ್ಲ ಒಂದೇ ಬಗೆಯವಲ್ಲ. 700, 850, 900 ಮೆಗಾಹರ್ಟ್ಸ್‌ನಂಥ ತಗ್ಗಿನ ತರಂಗಗಳು ದೂರ ಸಾಗುತ್ತವೆ, ಗುಡ್ಡದ ಅಂಚಿನಲ್ಲಿ ಅಷ್ಟಿಷ್ಟು ಬಾಗುತ್ತವೆ. 2300 ಮೆಗಾಹರ್ಟ್ಸ್, 5ಜಿಯ 3500 ಮೆಗಾಹರ್ಟ್ಸ್ ಹೆಚ್ಚು ಡೇಟಾ ಹೊರುತ್ತವೆ, ಆದರೆ ಬೇಗ ಸೊರಗುತ್ತವೆ. ಮುಂಡರಗಿಯ ಮೂಡಲಿನ ಎರೆಹೊಲದ ಬಯಲಿನಲ್ಲಿ ಅಲೆಗೆ ಅಡ್ಡಿಯೇ ಇಲ್ಲ. ಒಂದು ಎತ್ತರದ ಟವರ್ ಬಹಳ ದೂರ ನೋಡುತ್ತದೆ. ಪಡುವಲಿಗೆ ತಿರುಗಿ ಡೋಣಿಯ ಕಡೆಗೆ, ಗುಡ್ಡದ ಕಣಿವೆಗಳ ಕಡೆಗೆ ಹೋದಂತೆ ಲೆಕ್ಕ ಬದಲಾಗುತ್ತದೆ. ಗುಡ್ಡದ ಆಚೆಯ ಟವರ್ ನಕಾಶೆಯ ಮೇಲೆ ಹತ್ತಿರ ಕಂಡರೂ ನಡುವೆ ಕಲ್ಲುಮಣ್ಣಿನ ಗೋಡೆಯಿದೆ. ಹೊಳೆಯ ಬಯಲಿನ ದೂರದ ಟವರೇ ಅಲ್ಲಿ ಎಷ್ಟೋ ಸಲ ಹೆಚ್ಚು ಉಪಕಾರಿ. ಆದ್ದರಿಂದ ಗುಡ್ಡದ ಮಗ್ಗುಲಲ್ಲಿ ನೆಟ್ ಹೋದರೆ ಬಯಲು ಕಾಣುವ ತಿರುವಿನ ತನಕ, ಏರಿನ ನೆತ್ತಿಯ ತನಕ ಹೋಗಿ ನಿಲ್ಲುವುದು ಯಾವ ರೀಸೆಟ್‌ಗಿಂತಲೂ ಮೇಲು.

ಅಲ್ಲಿ ನಿಂತ ಮೇಲೂ ಫೋನು ತಾನಾಗಿ ಎಚ್ಚರಾಗದಿರಬಹುದು. ಸಿಗ್ನಲ್ ಕಳೆದುಕೊಂಡ ಫೋನು ಬ್ಯಾಟರಿ ಉಳಿಸಲು ಹುಡುಕಾಟವನ್ನು ನಿಧಾನಗೊಳಿಸಿರುತ್ತದೆ. ಏರೋಪ್ಲೇನ್ ಮೋಡ್ ಹಚ್ಚಿ ಹದಿನೈದು–ಇಪ್ಪತ್ತು ಸೆಕೆಂಡು ಬಿಟ್ಟು ಆರಿಸಿದರೆ ಅದು ಹೊಸದಾಗಿ ಟವರುಗಳನ್ನು ಎಣಿಸಿ ಬಲವಾದದ್ದಕ್ಕೆ ಹೆಸರು ನೋಂದಾಯಿಸುತ್ತದೆ. 5ಜಿಯ ಅಂಚಿನಲ್ಲಿ 4ಜಿ, 5ಜಿ ನಡುವೆ ಫೋನು ಜಿಗಿದಾಡುತ್ತಿದ್ದರೆ ಸೆಟ್ಟಿಂಗಿನಲ್ಲಿ 4ಜಿಗೇ ನಿಲ್ಲಿಸಿದರೆ ನೆಟ್ ಸ್ಥಿರವಾಗುತ್ತದೆ. ಎರಡು ಸಿಮ್ ಇರುವವರು ಡೇಟಾವನ್ನು ಇನ್ನೊಂದು ಸಿಮ್ಮಿಗೆ ತಿರುಗಿಸಿ ನೋಡಬಹುದು. ಗದಗ ಜಿಲ್ಲೆಯ ಒಳದಾರಿಗಳಲ್ಲಿ ತಿರುಗುವವರಿಗೆ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎರಡನೆಯದಕ್ಕೆ ಸಣ್ಣ ಪ್ಯಾಕ್ ಸಾಕು.

ಟವರೇ ಮಲಗಿದ್ದರೆ? ಮಳೆ ಬಂದಾಗ ನೆಟ್ ಹೋಯಿತೆಂದು ಜನ ಮಳೆಯನ್ನು ದೂರುತ್ತಾರೆ. ಆದರೆ ಮೊಬೈಲ್ ತರಂಗಗಳ ಮೇಲೆ ಮಳೆಹನಿಯ ಪರಿಣಾಮ ತೀರಾ ಅಲ್ಪ. ಮಳೆಗಾಳಿಗೆ ಹೆಸ್ಕಾಂ ತಂತಿ ಕಡಿದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿಯುತ್ತದೆ, ಡೀಸೆಲ್ ಜನರೇಟರ್ ಇಲ್ಲದಿದ್ದರೆ ಟವರ್ ಆರುತ್ತದೆ. ಇಲ್ಲವೇ ರಸ್ತೆ ಅಗಲ ಮಾಡುವ ಜೆಸಿಬಿ ನೆಲದಡಿಯ ಫೈಬರ್ ಕೇಬಲ್ಲನ್ನು ಹರಿದಿರುತ್ತದೆ. ಆಗ ಗೀಟುಗಳು ತುಂಬಿದ್ದರೂ ನೆಟ್ ಸೊನ್ನೆ. ಊರ ಚಹಾದಂಗಡಿಯ ಮುಂದೆ ನಿಲ್ಲಿಸಿ ಅದೇ ಕಂಪನಿಯ ಸಿಮ್ ಇರುವವರನ್ನು ಕೇಳಿದರೆ ಸಾಕು. ಎಲ್ಲರದ್ದೂ ಹೋಗಿದ್ದರೆ ಕಾರಿನಲ್ಲಿ ಮಾಡುವುದು ಏನೂ ಉಳಿದಿಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ತೊಡೆದುಹಾಕಬೇಕು. ನೆಟ್ ಹೋದರೆ ಜಿಪಿಎಸ್ ಹೋಗುವುದಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಅಲೆ ಬಿಡುತ್ತವೆ, ಫೋನು ಅದನ್ನು ಬರೀ ಕೇಳಿಸಿಕೊಳ್ಳುತ್ತದೆ, ಟವರಿನ ಹಂಗು ಅದಕ್ಕಿಲ್ಲ. ಹೋಗುವುದು ನಕಾಶೆಯ ಚಿತ್ರ. ಹೊರಡುವ ಮೊದಲು ಮನೆಯ ವೈಫೈ ಮೇಲೆ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಹೊಳೆಯಾಚೆಯ ಹೂವಿನಹಡಗಲಿ ಸೇರುವಂತೆ ಆಫ್‌ಲೈನ್ ನಕಾಶೆಯನ್ನು ಇಳಿಸಿಕೊಂಡರೆ ಟವರ್ ಇಲ್ಲದಲ್ಲೂ ನೀಲಿ ಚುಕ್ಕೆ ದಾರಿ ತೋರಿಸುತ್ತದೆ. ದಟ್ಟಣೆಯ ಮಾಹಿತಿಯೊಂದು ಬರುವುದಿಲ್ಲ. ಡಂಬಳದ ದೊಡ್ಡಬಸಪ್ಪನ ಗುಡಿಗೆ ಹೋಗುವವರಿಗೆ ಅದರ ಕೊರತೆ ಕಾಡಲಾರದು. ಆದರೆ ನೆಟ್ ಇಲ್ಲದ ಕಡೆ ಫೋನನ್ನು ಪೂರ್ತಿ ಆರಿಸಿ ಹಚ್ಚಿದರೆ ಮೊದಲ ಸ್ಥಾನ ಹಿಡಿಯಲು ಅದಕ್ಕೆ ಹೆಚ್ಚು ಹೊತ್ತು ಬೇಕು. ಉಪಗ್ರಹಗಳ ಸದ್ಯದ ವಿವರವನ್ನು ಅದು ನೆಟ್ಟಿನಿಂದ ಪಡೆಯಲಾರದೆ ಉಪಗ್ರಹದಿಂದಲೇ ನಿಧಾನವಾಗಿ ಓದಿಕೊಳ್ಳಬೇಕು.

ಕಾರಿನ ಆಯುಷ್ಯ, ನೆಟ್ಟಿನ ಆಯುಷ್ಯ

ಕೆಲವೊಮ್ಮೆ ದೋಷ ಕಾರಿನಲ್ಲೂ ಇಲ್ಲ, ಫೋನಿನಲ್ಲೂ ಇಲ್ಲ, ಟವರಿನಲ್ಲೂ ಇಲ್ಲ. 2021ರ ನವೆಂಬರ್ 19ರಂದು ಹಲವು ದೇಶಗಳ ಟೆಸ್ಲಾ ಮಾಲೀಕರು ಫೋನಿನ ಆ್ಯಪಿನಿಂದ ಕಾರಿನ ಬಾಗಿಲು ತೆರೆಯಲಾಗದೆ ನಿಂತರು. ಕೆಟ್ಟದ್ದು ಕಂಪನಿಯ ಸರ್ವರ್. ಎಲಾನ್ ಮಸ್ಕ್ ಅಂದೇ ಕ್ಷಮೆ ಕೇಳಿದರು. ಪಾಠ ನಮಗೂ ಅನ್ವಯಿಸುತ್ತದೆ: ಆ್ಯಪಿನಲ್ಲಿ ಬಾಗಿಲು ತೆರೆಯುವ ಕಾರಿದ್ದರೂ ನಿಜವಾದ ಚಾವಿ ಜೇಬಿನಲ್ಲಿರಲಿ.

ಇದಕ್ಕಿಂತ ಹೆಚ್ಚು ಮಂದಿಗೆ ತಟ್ಟುವುದು ಚಂದಾ. ವೆನ್ಯೂ ಬಂದಾಗ ಬ್ಲೂಲಿಂಕ್ ಸೇವೆ ಮೂರು ವರ್ಷ ಪುಕ್ಕಟೆ ಎಂದಿತ್ತು. ಪುಕ್ಕಟೆಯ ಗಡುವು ಮುಗಿದು ಹಣ ಕಟ್ಟದಿದ್ದರೆ ಸೇವೆ ನಿಲ್ಲುತ್ತದೆ, ಮಾಲೀಕ ‘ಕಾರಿನ ನೆಟ್ ಕೆಟ್ಟಿದೆ’ ಎಂದು ಶೋರೂಮಿಗೆ ಓಡುತ್ತಾನೆ. ಹಳೆಯ ಕಾರು ಕೊಂಡವರದು ಇನ್ನೊಂದು ಪೇಚು. ಇ-ಸಿಮ್ಮಿಗೂ ಗುರುತಿನ ದಾಖಲೆ ಬೇಕು. ಅದು ಮೊದಲ ಮಾಲೀಕನ ಹೆಸರಿನಲ್ಲೇ ಉಳಿದಿದ್ದರೆ ಹೊಸಬನಿಗೆ ನೆಟ್ ಸಿಗದೆ ಹೋಗಬಹುದು, ಹಳಬನ ಫೋನಿಗೆ ಕಾರು ಇರುವ ಜಾಗ ತೋರುತ್ತಲೇ ಇರಬಹುದು. ಐಬಿಎಂನ ಭದ್ರತಾ ತಜ್ಞ ಚಾರ್ಲ್ಸ್ ಹೆಂಡರ್ಸನ್ ತಾವು ವರ್ಷಗಳ ಹಿಂದೆ ಬಿಟ್ಟುಕೊಟ್ಟಿದ್ದ ಕಾರು ಇನ್ನೂ ತಮ್ಮ ಆ್ಯಪಿನ ಹಿಡಿತದಲ್ಲೇ ಇದ್ದುದನ್ನು 2017ರಲ್ಲಿ ಜಗತ್ತಿಗೆ ತಿಳಿಸಿದ್ದರು. ಆರ್‌ಸಿ ಹೆಸರು ಬದಲಿಸುವ ದಿನವೇ ಆ್ಯಪಿನ ಹೆಸರನ್ನೂ ಬದಲಿಸಿಕೊಳ್ಳುವುದು ಸರಿ.

ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ ಕಂಪನಿ 2022ರ ಫೆಬ್ರುವರಿ 22ರಂದು ತನ್ನ 3ಜಿ ಜಾಲವನ್ನು ಮುಚ್ಚಿತು. ಹೋಂಡಾ, ನಿಸ್ಸಾನ್ ಸೇರಿದಂತೆ ಹಲವು ಕಂಪನಿಗಳ ಎಷ್ಟೋ ಮಾದರಿಗಳಲ್ಲಿ ತುರ್ತು ಕರೆ, ದೂರದಿಂದ ಬಾಗಿಲು ತೆರೆಯುವ ಸೌಲಭ್ಯಗಳು ಶಾಶ್ವತವಾಗಿ ನಿಂತವು. ಎಂಜಿನ್ ಗಟ್ಟಿಯಿತ್ತು, ಬಣ್ಣ ಮಾಸಿರಲಿಲ್ಲ, ಮಾತಾಡಲು ಜಾಲ ಇರಲಿಲ್ಲ. ಭಾರತದಲ್ಲೂ ಏರ್‌ಟೆಲ್ 2019ರಲ್ಲಿ ಕೋಲ್ಕತ್ತದಿಂದ ಶುರುಮಾಡಿ 3ಜಿಯನ್ನು ಮುಚ್ಚಿದೆ. ನಮ್ಮಲ್ಲಿ ಖಾಸಗಿ ಕಾರಿನ ಮೊದಲ ನೋಂದಣಿಯೇ 15 ವರ್ಷದ್ದು. ಇಂದಿನ 4ಜಿ ಪೆಟ್ಟಿಗೆ ಅಷ್ಟು ವರ್ಷ ಮಾತಾಡೀತೇ, ಜಾಲ ಬದಲಾದರೆ ಪೆಟ್ಟಿಗೆ ಬದಲಿಸುವ ಖರ್ಚು ಯಾರದು ಎಂದು ಕಾರು ಕೊಳ್ಳುವವರು ಬುಕ್ ಮಾಡುವ ಮೊದಲೇ ಕೇಳಬೇಕು. ಮೈಲೇಜ್ ಕೇಳುವಷ್ಟೇ ಸಹಜವಾಗಿ ಕೇಳಬೇಕು.

ದಾರಿಗೂ ಟವರ್ ಬೇಕು

ಹಾಡು, ನಕಾಶೆಗಳನ್ನು ಬಿಟ್ಟರೂ ಬಿಡಲಾಗದ್ದು ಅಪಘಾತದ ಹೊತ್ತಿನ ಕರೆ. ಹೊಸ ಕಾರುಗಳಲ್ಲಿ ಎಸ್‌ಒಎಸ್ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕರೆ ಹೋಗುವುದು ಸಾಮಾನ್ಯವಾಗಿ ಕಂಪನಿಯ ಕಾಲ್ ಸೆಂಟರಿಗೆ, ಅದೂ ಕಾರಿನೊಳಗಿನ ಇ-ಸಿಮ್ಮಿನ ಮೂಲಕ. ಆ ಕಂಪನಿಯ ಟವರ್ ಇಲ್ಲದ ದಾರಿಯಲ್ಲಿ ಆ ಗುಂಡಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಫೋನಿನಲ್ಲಿ ಒತ್ತುವ ತುರ್ತು ಸಂಖ್ಯೆ 112ರ ಬಲ ಬೇರೆ. ತನ್ನ ಕಂಪನಿಯ ಟವರ್ ಸಿಗದಿದ್ದರೆ ಫೋನು ಸಿಕ್ಕ ಬೇರಾವುದೇ ಕಂಪನಿಯ ಟವರಿನ ಮೇಲೆ 112 ಕರೆಯನ್ನು ಸಾಗಿಸುತ್ತದೆ. ಪರದೆಯ ಮೇಲೆ ‘ತುರ್ತು ಕರೆಗಳು ಮಾತ್ರ’ ಎಂದು ಬಂದಾಗ ಅದರ ಅರ್ಥವೇ ಇದು. ಹೀಗೆ ಬೇರೆಯವರ ಟವರ್ ಹತ್ತುವ ಭರವಸೆ 108ಕ್ಕೆ ಇಲ್ಲ. ಆ್ಯಂಬುಲೆನ್ಸ್ ಬೇಕಾದರೂ ಅಂಥ ಜಾಗದಲ್ಲಿ ಒತ್ತಬೇಕಾದ್ದು 112. ಯಾವ ಕಂಪನಿಯ ಟವರೂ ಇಲ್ಲದ ಕಡೆ ಮಾತ್ರ ಅದೂ ಹೋಗುವುದಿಲ್ಲ.

ಸಾರ್ವಜನಿಕ ಸೇವೆಯ ಪ್ರಯಾಣಿಕ ವಾಹನಗಳಿಗೆ ಎಐಎಸ್–140 ಮಾನದಂಡದ ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯವೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು. 2019ರ ಜನವರಿ 1ರಿಂದ ಹೊಸ ವಾಹನಗಳಿಗೆ ಅದು ಜಾರಿಗೆ ಬಂತು. ನೆಟ್ ಇಲ್ಲದಾಗ ಸಾಗಿದ ದಾರಿಯನ್ನು ನೆನಪಿಟ್ಟುಕೊಂಡು ನೆಟ್ ಬಂದ ಮೇಲೆ ಕಳಿಸುವ ಏರ್ಪಾಡು ಆ ಸಾಧನದಲ್ಲಿದೆ. ಇದು ಒಳ್ಳೆಯ ವಿನ್ಯಾಸ, ಖಾಸಗಿ ಕಾರುಗಳ ಆ್ಯಪುಗಳೂ ಅನುಸರಿಸಬೇಕಾದ್ದು. ಆದರೆ ಬಸ್ಸಿನ ಹಿಂದಿನ ಸೀಟಿನ ಹೆಣ್ಣುಮಗಳು ಒತ್ತಿದ ತುರ್ತು ಗುಂಡಿಯ ಸಂದೇಶ ಗುಡ್ಡ ದಾಟಿದ ಮೇಲೆ ಮುಟ್ಟಿದರೆ ಏನು ಉಪಯೋಗ?

2022ರ ಜುಲೈನಲ್ಲಿ ಕೇಂದ್ರ ಸಂಪುಟ ₹26,316 ಕೋಟಿಯ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಮೊಬೈಲ್ ಜಾಲ ಮುಟ್ಟದ 24,680 ಹಳ್ಳಿಗಳಿಗೆ 4ಜಿ ಕೊಡುವುದು ಅದರ ಗುರಿ. 2025ರ ಸೆಪ್ಟೆಂಬರ್‌ನಲ್ಲಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ದೇಶದಾದ್ಯಂತ ಉದ್ಘಾಟನೆಯಾಯಿತು; ಅದರ ಟವರುಗಳ ರೇಡಿಯೊ ಉಪಕರಣ ಮಾಡಿದ ತೇಜಸ್ ನೆಟ್‌ವರ್ಕ್ಸ್ ನಮ್ಮ ಬೆಂಗಳೂರಿನದೇ. ಹೆಮ್ಮೆಪಡುವ ಸಂಗತಿಗಳಿವು. ಆದರೂ ಲೆಕ್ಕ ನಡೆಯುತ್ತಿರುವುದು ಹಳ್ಳಿಗಳಲ್ಲಿ. ಊರಿನ ನಡುವೆ ಒಂದು ಟವರ್ ನಿಂತರೆ ಊರು ಮುಟ್ಟಿತೆಂದು ಬರೆದುಕೊಳ್ಳಲಾಗುತ್ತದೆ; ಎರಡು ಊರುಗಳ ನಡುವಿನ ಎಂಟು–ಹತ್ತು ಕಿ.ಮೀ. ಯಾರ ಲೆಕ್ಕಕ್ಕೂ ಬರುವುದಿಲ್ಲ. ರಾತ್ರಿ ಹೆರಿಗೆ ನೋವಿನವರನ್ನು ಕರೆದೊಯ್ಯುವ ಕಾರು ಕೆಟ್ಟು ನಿಲ್ಲುವುದು ಊರ ನಡುವೆಯಲ್ಲ, ಆ ನಡುದಾರಿಯಲ್ಲಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ನಗರಗಳಲ್ಲಿ, ಹೆದ್ದಾರಿಗಳಲ್ಲಿ ವಾಹನ ಓಡಿಸಿ ಜಾಲದ ಗುಣಮಟ್ಟ ಅಳೆದು ವರದಿ ಪ್ರಕಟಿಸುತ್ತದೆ. ಗುಡ್ಡದ ಎರಡೂ ಮಗ್ಗುಲಿನ ತಾಲ್ಲೂಕು ರಸ್ತೆಗಳೂ ಆ ಅಳತೆಯೊಳಗೆ ಬರಬೇಕು. ವನ್ಯಜೀವಿ ಧಾಮದೊಳಗೆ ಟವರ್ ನೆಡಬೇಕೆಂದೇನೂ ಇಲ್ಲ. ಬಯಲಿನ ಅಂಚಿನ ಟವರುಗಳಿಗೆ ತಗ್ಗಿನ ತರಂಗದ ಆ್ಯಂಟೆನಾ ಹಾಕಿ ರಸ್ತೆಯ ಕಡೆ ತಿರುಗಿಸಿದರೂ ಬಹಳಷ್ಟು ದಾರಿ ತುಂಬುತ್ತದೆ.

ಟ್ರಾಯ್‌ನ ಹೊಸ ನಿಯಮದಿಂದಾಗಿ 2025ರಿಂದ ಎಲ್ಲ ಕಂಪನಿಗಳೂ ತಮ್ಮ ಜಾಲ ಎಲ್ಲೆಲ್ಲಿ ಮುಟ್ಟುತ್ತದೆಂಬ ನಕಾಶೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕಾಗಿದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಓದುಗರು ತಾವು ದಿನವೂ ಓಡಾಡುವ ದಾರಿಯನ್ನು ಆ ನಕಾಶೆಯಲ್ಲಿ ಒಮ್ಮೆ ನೋಡಲಿ. ಅಲ್ಲಿ ಬಣ್ಣ ತುಂಬಿದ್ದು ದಾರಿಯಲ್ಲಿ ನೆಟ್ ಇಲ್ಲದಿದ್ದರೆ, ನಿಂತ ಜಾಗದ ಗುರುತು, ಹೊತ್ತು, ತಾರೀಖು ಬರೆದುಕೊಂಡು ತಮ್ಮ ಕಂಪನಿಯ 198ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಕೇಳಿ ಪಡೆಯಲಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಸಂಖ್ಯೆಯೊಂದಿಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು; ಅದಕ್ಕೆ ಶುಲ್ಕವಿಲ್ಲ.